ಗೀಸರ್‌ಗೆ 40 ಡಿಗ್ರಿ ಸಾಲದು

ಭಟ್ಕಳ, ಹೊನ್ನಾವರ, ಕುಮಟಾದಂಥ ಸೆಕೆಯ ಊರುಗಳಲ್ಲಿ ಗೀಸರನ್ನು 40 ಡಿಗ್ರಿಗೆ ಇಳಿಸಿ ದಿನವಿಡೀ ಚಾಲೂ ಬಿಡಿ, ಕರೆಂಟು ಉಳಿಯುತ್ತದೆ ಎಂಬ ಸಲಹೆಯ ಲೇಖನ ಓದಿದೆ. ಉಳಿತಾಯದ ಕಾಳಜಿ ಸರಿ, ಉಪಾಯ ತಪ್ಪು.

ಮೈಗೆ 40 ಡಿಗ್ರಿ ಹಿತ, ಒಪ್ಪೋಣ. ಆದರೆ ಟ್ಯಾಂಕಿನಲ್ಲಿ ನಿಂತ ನೀರಿಗೆ ಅದೇ ಅಪಾಯ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದು 25ರಿಂದ 45 ಡಿಗ್ರಿಯೊಳಗೆ. ಸಂಗ್ರಹದ ಬಿಸಿನೀರು 60 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ.

ಇನ್ನು ಲೆಕ್ಕ. 27 ಡಿಗ್ರಿಯ 15 ಲೀಟರ್ ನೀರನ್ನು 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಸಾಕು. ಅದಕ್ಕೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 38 ಲೀಟರ್ ಸಿಗುತ್ತದೆ, ಎರಡು ಬಕೆಟ್ ಆಯಿತು. ಗೀಸರನ್ನೇ 40ಕ್ಕೆ ಇಟ್ಟರೆ ಸಿಗುವುದು 15 ಲೀಟರ್ ಮಾತ್ರ. ಎರಡನೆಯವರು ಮೀಯಲು ಮತ್ತೆ ಕಾಯಿಸಬೇಕು. ಬಕೆಟ್ ಲೆಕ್ಕದಲ್ಲಿ ಖರ್ಚು ಹೆಚ್ಚುಕಡಿಮೆ ಒಂದೇ.

ನಿಜವಾದ ಪೋಲು ಡಯಲ್‌ನಲ್ಲಿಲ್ಲ, ದಿನವಿಡೀ ಉರಿಯುವ ಸ್ವಿಚ್ಚಿನಲ್ಲಿದೆ. 2 ಕಿಲೋವಾಟ್ ಗೀಸರ್‌ಗೆ ಸ್ನಾನಕ್ಕೆ ಮುಂಚಿನ ಇಪ್ಪತ್ತು ನಿಮಿಷ ಸಾಕು. ಥರ್ಮೋಸ್ಟಾಟ್ ತಾನಾಗಿ ಕಡಿಯಲಿ, ಆಮೇಲೆ ಆಫ್ ಮಾಡಿ.

60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಆ ಎಚ್ಚರ ಬೇಕೇ ಬೇಕು. ತೆಂಗಿನ ಸಿಪ್ಪೆ ಒಟ್ಟಿ ಬಚ್ಚಲ ಹಂಡೆ ಕಾಯಿಸಿದ ನಮ್ಮ ಹಿರಿಯರು ತಣ್ಣೀರು ಬೆರೆಸದೆ ಮಿಂದವರಲ್ಲ. ಮಕ್ಕಳಿರುವ ಮನೆಯಲ್ಲಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಡಯಲ್ ಇಳಿಸಬೇಡಿ, ಸ್ವಿಚ್ ಆರಿಸಿ.