ಎಂಜಿನ್ನಿಗಿಂತ ಗೇರ್‌ಬಾಕ್ಸ್ ಮೊದಲ

ಅಮೆರಿಕಾದಾಗಿರೋ ಅಕ್ಕನ ಮಗ ತನ್ನ ಹಳೇ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನ 5 ಗೇರಿನ ಪೆಟ್ಟಿಗಿ ತಗದು, ಎಸ್‌ಟಿಐ ಕಾರಿನ 6 ಗೇರಿನದು ಕೂಡಸ್ಲಿಕ್ಕೆ ಹತ್ಯಾನ. ರೊಕ್ಕ ಹಾಳು ಅಂತಾಳ ಅಕ್ಕ. ನನಗ ಹಂಗ ಅನಸೂದಿಲ್ಲ ನೋಡ್ರಿ. ಎಂಜಿನ್ ಹೋದ ವರ್ಷನ ಜೋರ ಮಾಡಿಸ್ಯಾನ. ನಾಕೂ ಗಾಲಿ ನೆಲಾ ಹಿಡದಿರ್ತಾವ, ಸುಲಭಕ್ಕ ಜಾರೂದಿಲ್ಲ, ಹಿಂಗಾಗಿ ಪೆಟ್ಟೆಲ್ಲಾ ಗೇರಿನ ಹಲ್ಲಿಗೇ ಬೀಳತದ. ಮಿಕ್ಸಿಗೆ ದೊಡ್ಡ ಮೋಟರ್ ಹಾಕಿ ಹಳೇ ರಬ್ಬರ್ ಕಪ್ಲರ್ ಹಂಗ ಬಿಟ್ಟರ ಏನಾಗ್ತದ, ನಮಗ ಗೊತ್ತಿಲ್ಲೇನು?

ಆದ್ರ ಪೆಟ್ಟಿಗಿ ಒಂದ ಬದಲಿಸಿದ್ರ ಮುಗೀಲಿಲ್ಲ. ಹಿಂದಿನ ಡಿಫರೆನ್ಷಿಯಲ್ ಹಲ್ಲಿನ ಲೆಕ್ಕ ಮುಂದಿನದಕ್ಕ ಕೂಡಬೇಕು. ಇಲ್ಲಾಂದ್ರ ಮುಂದಿನ ಗಾಲಿ, ಹಿಂದಿನ ಗಾಲಿ ಜಗ್ಗಾಡಿ ಹೊಸಾ ಪೆಟ್ಟಿಗೀನೂ ಹಾಳಾಗ್ತದ. ಅಲ್ಲಿ ರೊಕ್ಕ ಉಳಸಬ್ಯಾಡ ಅಂತ ಹೇಳೇನಿ. ರೇಸಿನವರ ನೆಟ್ಟನ ಹಲ್ಲಿನ ಗೇರ್ ಮಾತ್ರ ಬ್ಯಾಡ. ಗಟ್ಟಿ ಖರೇ, ಆದ್ರ ಹಿಟ್ಟಿನ ಗಿರಣಿಯಂಗ ಒದರ್ತಾವ. ಹಿಂದಿನ ಸೀಟಿನಾಗ ಕೂಸು ಮಲಗೂದ್ಹೆಂಗ?