ಬಾಣಂತಿಯ ಮೊದಲ ಬಹಿರ್ದೆಸೆ: ಯಾರೂ ಕೇಳದ ಕಷ್ಟ

ಹೆರಿಗೆಯಾದ ಮನೆಗೆ ಹೋದವರು ಮೊದಲು ವಿಚಾರಿಸುವುದು ಕೂಸಿನ ಕ್ಷೇಮವನ್ನು. ತೂಕವೆಷ್ಟು, ಹಾಲು ಕುಡಿಯುತ್ತಿದೆಯೇ, ರಾತ್ರಿ ನಿದ್ದೆ ಮಾಡುತ್ತದೆಯೇ ಎಂದು ಕೇಳುತ್ತಾರೆ. ಕೂಸು ದಿನಕ್ಕೆ ಎಷ್ಟು ಸಲ ಮಲ ವಿಸರ್ಜಿಸಿತು, ಅದರ ಬಣ್ಣ ಕಪ್ಪಾಗಿಯೇ ಇದೆಯೋ ಹಳದಿಗೆ ತಿರುಗಿತೋ ಎಂಬುದನ್ನು ಕೂಡ ಅಜ್ಜಿಯಂದಿರು ನಡುಮನೆಯಲ್ಲಿ ಕುಳಿತು ನಿಸ್ಸಂಕೋಚವಾಗಿ ಚರ್ಚಿಸುವರು. ಆದರೆ ಆ ಕೂಸನ್ನು ಹೆತ್ತವಳಿಗೆ ಮೂರು ದಿನಗಳಿಂದ ಬಹಿರ್ದೆಸೆಯಾಗಿಲ್ಲವೆಂಬ ಸಂಗತಿ ಎಷ್ಟೋ ವೇಳೆ ಅವಳ ತಾಯಿಯ ಕಿವಿಗೂ ಬಿದ್ದಿರುವುದಿಲ್ಲ. ಹೊಲಿಗೆ ಬಿಚ್ಚೀತೆಂಬ ಭಯದಿಂದ ಅವಳು ತಡೆದುಕೊಂಡಿರುತ್ತಾಳೆ; ಹೇಳಿಕೊಳ್ಳಲು ನಾಚಿಕೆ.

ಶ್ರೀಮಠದ ಪತ್ರಿಕೆಯಲ್ಲಿ ಇಂತಹ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಐದು ಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಅವುಗಳಲ್ಲಿ ಜನನ ಸೂತಕವೂ ಒಂದು. ಹೆತ್ತವಳು ಮೈಲಿಗೆಯಲ್ಲ, ಅವಳ ಕೋಣೆ ಮೈಲಿಗೆಯಲ್ಲ ಎಂದು ಒಪ್ಪಿದ ಮೇಲೆ ಅವಳ ದೇಹದ ಒಂದು ಸಹಜ ಕ್ರಿಯೆಯನ್ನು ಮಾತ್ರ ಬಾಯಿಗೆ ತರಬಾರದೆನ್ನುವುದು ಯಾವ ನ್ಯಾಯ? ವೈದ್ಯ ಸಂಗಣ್ಣನಂತಹ ವೈದ್ಯನೂ ಶರಣರ ಸಾಲಿನಲ್ಲಿದ್ದನು. ಕಾಯವನ್ನು ಕಡೆಗಣಿಸಿ ಭಕ್ತಿಯನ್ನು ಬೋಧಿಸಿದ ಪರಂಪರೆ ಇದಲ್ಲ.

ಹೆರಿಗೆಯ ನಂತರದ ಮೊದಲ ಮಲವಿಸರ್ಜನೆ ಎರಡು ಮೂರು ದಿನ ತಡವಾಗುವುದು ಸಾಮಾನ್ಯ. ಅದಕ್ಕೆ ಕಾರಣಗಳೂ ಸ್ಪಷ್ಟ. ಗರ್ಭ ನಿಂತಾಗಿನಿಂದ ದೇಹದಲ್ಲಿ ಹೆಚ್ಚಿದ್ದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಕರುಳಿನ ಚಲನೆಯನ್ನು ನಿಧಾನಗೊಳಿಸಿರುತ್ತದೆ. ನೋವು ತಿನ್ನುವ ಹೊತ್ತಿನಲ್ಲಿ ಅನ್ನ ನೀರು ಸರಿಯಾಗಿ ಸೇರಿರುವುದಿಲ್ಲ. ಬೆವರು, ರಕ್ತಗಳ ಮೂಲಕ ನೀರು ಹೋಗಿರುತ್ತದೆ. ಸಿಸೇರಿಯನ್ ಆಗಿದ್ದರೆ ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ಕೆಲವು ನೋವುನಿವಾರಕ ಔಷಧಿಗಳು ಕರುಳನ್ನು ಇನ್ನಷ್ಟು ಮಂದಗೊಳಿಸುತ್ತವೆ. ಸಹಜ ಹೆರಿಗೆಯ ಬಳಿಕ 48 ಗಂಟೆಗಳಷ್ಟು ಆಸ್ಪತ್ರೆಯಲ್ಲಿರಬೇಕೆಂಬುದು ನಿಯಮ. ಹೀಗಾಗಿ ಈ ಮೊದಲ ಬಹಿರ್ದೆಸೆ ಬಹುತೇಕ ಆಸ್ಪತ್ರೆಯಿಂದ ಹೊರಟ ಮೇಲೆ, ತವರಿನಲ್ಲಿಯೇ ಆಗುವುದು. ಆಸ್ಪತ್ರೆಯವರು ಮನೆಯವರಿಗೆ ಬಿಡುತ್ತಾರೆ, ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ.

ಹೊಲಿಗೆಯ ಭಯದ ಬಗ್ಗೆ ಒಂದು ಮಾತನ್ನು ಖಚಿತವಾಗಿ ಹೇಳಬೇಕು. ಸಾಮಾನ್ಯ ಹೆರಿಗೆಯಲ್ಲಿ ಹಾಕುವ ಹೊಲಿಗೆ ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಭಾಗದಲ್ಲಿರುತ್ತದೆ. ಮಲ ಆ ಹೊಲಿಗೆಯ ಮೂಲಕ ಹಾದುಹೋಗುವುದಿಲ್ಲ. ಮೃದುವಾದ ಮಲದಿಂದ ಹೊಲಿಗೆ ಬಿಚ್ಚುವುದೂ ಇಲ್ಲ. ತಡೆದಷ್ಟೂ ಕರುಳು ಮಲದಲ್ಲಿನ ನೀರನ್ನು ಹೀರಿಕೊಂಡು ಅದನ್ನು ಕಲ್ಲಿನಂತೆ ಮಾಡುತ್ತದೆ; ನಿಜವಾದ ನೋವು, ಗುದದಲ್ಲಿ ಬಿರುಕು, ಮೂಲವ್ಯಾಧಿ ಬರುವುದು ಅದರಿಂದ. ಹರಿದ ಗಾಯ ಗುದದ ಸ್ನಾಯುವಿನವರೆಗೆ ಹೋಗಿದ್ದರೆ ಮಾತ್ರ ವಿಶೇಷ ಎಚ್ಚರಿಕೆ ಬೇಕು, ಮಲ ಮೃದುಗೊಳಿಸುವ ಔಷಧಿಯನ್ನು ವೈದ್ಯರೇ ಕೊಡುತ್ತಾರೆ. ಗಾಯ ಎಷ್ಟು ಆಳದ್ದೆಂದು ಆಸ್ಪತ್ರೆ ಬಿಡುವ ಮೊದಲು ಕೇಳಿ ತಿಳಿಯುವುದು ಬಾಣಂತಿಯ ಹಕ್ಕು.

ಇನ್ನು ನಮ್ಮ ಮುಖ್ಯ ತಕರಾರಿಗೆ ಬರೋಣ. ಅರೇಹಳ್ಳಿ ಹೋಬಳಿಯ ಸುತ್ತಮುತ್ತಲ ಮನೆಗಳಲ್ಲಿ, ಅಷ್ಟೇ ಏಕೆ, ಬೇಲೂರು, ಅರಸೀಕೆರೆ ಸೀಮೆಯಲ್ಲೆಲ್ಲ ಬಾಣಂತಿಗೆ ನೀರು ಕೊಡಲು ಹಿಂಜರಿಯುವ ಪದ್ಧತಿ ಇನ್ನೂ ಅಳಿದಿಲ್ಲ. ನೀರು ಕುಡಿದರೆ ಶೀತವಾಗುತ್ತದೆ, ಹೊಟ್ಟೆ ಇಳಿಯುವುದಿಲ್ಲ, ಹೊಲಿಗೆ ಕೀವು ಕಟ್ಟುತ್ತದೆ ಎಂಬ ನಂಬಿಕೆಗಳು. ದಿನಕ್ಕೆ ಎರಡು ಮೂರು ಲೋಟ ಬಿಸಿನೀರು, ಬಿಸಿ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ. ಸೊಪ್ಪು ಕಂಡರೆ ನಂಜು, ಹಣ್ಣು ಕಂಡರೆ ಶೀತ. ಕಾಳುಮೆಣಸಿನ ಮೇಲೂ ಬೆಳ್ಳುಳ್ಳಿಯ ಮೇಲೂ ನಮಗೆ ಸಿಟ್ಟಿಲ್ಲ. ಮೆಣಸಿನ ಬಳ್ಳಿಯ ನಾಡಿನವರು ನಾವು. ಬಾಣಂತಿಗೆ ವಿಶ್ರಾಂತಿ, ಎಣ್ಣೆನೀರು, ತವರಿನ ಆರೈಕೆಗಳನ್ನು ಏರ್ಪಡಿಸಿದ ಹಿರಿಯರ ವಿವೇಕ ದೊಡ್ಡದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ಆ ವಿವೇಕಕ್ಕೆ ಸಂದ ಗೌರವವೂ ಹೌದು. ಆದರೆ ನೀರಿನ ನಿರ್ಬಂಧ ಮಾತ್ರ ತಪ್ಪು, ಅದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಹಾಲೂಡುವ ತಾಯಿಯ ಎದೆಯಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರಿನಷ್ಟು ಹಾಲು ಹೊರಬರುತ್ತದೆ. ಆ ನೀರು ಬರುವುದೆಲ್ಲಿಂದ? ಹೊರಗಿನಿಂದ ಕೊಡದಿದ್ದರೆ ದೇಹ ಕರುಳಿನಿಂದ ಹೀರುತ್ತದೆ. ಮಲ ಒಣಗುತ್ತದೆ, ಮೂತ್ರ ಉರಿಯುತ್ತದೆ.

ಹೆರಿಗೆಯ ನಂತರ ಹೊಟ್ಟೆ ದಪ್ಪಗೆ ಕಾಣುವುದು ಹಿಗ್ಗಿದ ಗರ್ಭಕೋಶ ಮತ್ತು ಸಡಿಲಗೊಂಡ ಸ್ನಾಯುಗಳಿಂದ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಕುಡಿದ ನೀರು ಅಲ್ಲಿ ಹೋಗಿ ನಿಲ್ಲುವುದಿಲ್ಲ. ತಣ್ಣೀರು ಬೇಡವೆಂದರೆ ಬೇಡ. ಕಾಯಿಸಿ ಆರಿಸಿದ ಬೆಚ್ಚನೆಯ ನೀರನ್ನೇ ಕೊಡಿ, ಜೀರಿಗೆ ಹಾಕಿಯೇ ಕೊಡಿ, ಆದರೆ ಕೇಳಿದಷ್ಟು ಕೊಡಿ. ಪ್ರತಿ ಸಲ ಮಗುವಿಗೆ ಹಾಲೂಡಿಸಲು ಕುಳಿತಾಗ ಪಕ್ಕದಲ್ಲೊಂದು ತುಂಬಿದ ಚೊಂಬು ಇರಲಿ.

ಸೊಪ್ಪು, ತರಕಾರಿ, ಹಣ್ಣುಗಳ ಮಾತೂ ಹಾಗೆಯೇ. ಸಬ್ಬಸಿಗೆ ಸೊಪ್ಪನ್ನು ಹಾಲು ಹೆಚ್ಚಲೆಂದು ನಮ್ಮಲ್ಲೇ ಕೊಡುತ್ತಾರಲ್ಲ, ಉಳಿದ ಸೊಪ್ಪುಗಳು ಮಾಡಿದ ಪಾಪವೇನು? ಹೆಸರುಬೇಳೆಯೊಡನೆ ಬೇಯಿಸಿದ ಸೊಪ್ಪು, ಹೀರೆಕಾಯಿ, ರಾಗಿ, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿ ಅಥವಾ ಅಂಜೂರ, ಮಾಗಿದ ಪಪ್ಪಾಯಿ, ಬಾಳೆಹಣ್ಣು, ಇವುಗಳಿಂದ ಹೊಲಿಗೆ ಕೀವಾಗುವುದಿಲ್ಲ. ಕೀವಾಗುವುದು ಸೋಂಕಿನಿಂದ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಉಚಿತ ಊಟವಿದೆ. ಅದನ್ನು ನಂಜೆಂದು ತಳ್ಳಿ ಮನೆಯಿಂದ ಒಣ ಅನ್ನ ತರುವುದು ವಿಪರ್ಯಾಸ.

ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ಸೇವಿಸಬೇಕೆಂದು ಕೊಡುತ್ತಾರೆ. ಅದರಿಂದ ಕೆಲವರಿಗೆ ಮಲ ಗಟ್ಟಿಯಾಗುವುದು ನಿಜ, ಕಪ್ಪಾಗುವುದೂ ನಿಜ. ಗಾಬರಿಯಾಗಿ ಬಿಡಬಾರದು; ರಕ್ತ ಕಳೆದುಕೊಂಡ ದೇಹಕ್ಕೆ ಅದು ಬೇಕೇ ಬೇಕು. ಸುಣ್ಣದಂಶದ ಮಾತ್ರೆಯೊಡನೆ ಒಟ್ಟಿಗೆ ನುಂಗದೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು. ಕಾಫಿಯ ಜೊತೆಗಂತೂ ಬೇಡವೇ ಬೇಡ. ಕಾಫಿ ತೋಟದ ನಡುವೆ ಕುಳಿತು ಈ ಮಾತು ಹೇಳುವುದು ಕಷ್ಟ, ಆದರೆ ಕಾಫಿ ಕಬ್ಬಿಣವನ್ನು ದೇಹಕ್ಕೆ ಹತ್ತಗೊಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಗಂಡಸರು ಗಮನಿಸಬೇಕು. ಮಲೆನಾಡಿನ ಸೆರಗಿನ ನಮ್ಮ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ. ಎಷ್ಟೋ ಮನೆಗಳ ಶೌಚಾಲಯ ಹಿತ್ತಿಲಿನಲ್ಲಿದೆ. ತೋಟದ ಲೈನು ಮನೆಗಳಲ್ಲಿ ಇನ್ನೂ ದೂರ. ಪಾಚಿಗಟ್ಟಿದ ಅಂಗಳ, ಕತ್ತಲು, ಜಿಗಣೆ. ಹೊಲಿಗೆ ಹಾಕಿಸಿಕೊಂಡ ಹೆಣ್ಣು ರಾತ್ರಿ ಅಲ್ಲಿಗೆ ಹೋಗುವುದಕ್ಕಿಂತ ತಡೆದುಕೊಳ್ಳುವುದೇ ಮೇಲೆಂದು ಭಾವಿಸಿದರೆ ಅದರಲ್ಲಿ ಅವಳ ತಪ್ಪೇನಿದೆ? ತಡೆದುಕೊಳ್ಳಬೇಕಾಗುತ್ತದೆಂದೇ ಅವಳು ನೀರನ್ನೂ ಕಡಿಮೆ ಕುಡಿಯುತ್ತಾಳೆ. ಸೀಮಂತಕ್ಕೆ ಚಪ್ಪರ ಹಾಕಿಸುವ ಮನೆಯವರು ಅದೇ ಖರ್ಚಿನಲ್ಲಿ ಹಿತ್ತಿಲಿನವರೆಗೆ ನಾಲ್ಕು ಹಾಸುಗಲ್ಲು, ಒಂದು ದೀಪ, ಶೌಚಾಲಯದ ಗೋಡೆಗೆ ಹಿಡಿದು ಏಳಲು ಒಂದು ಕಬ್ಬಿಣದ ಸರಳು ಹಾಕಿಸಿಕೊಟ್ಟರೆ ಬಾಣಂತಿಗೆ ಎಷ್ಟೋ ನೆಮ್ಮದಿ. ಕಾಲು ಮಡಿಸಿ ಕೂರಲಾಗದವರಿಗೆ ಕೆಲವು ವಾರಗಳ ಮಟ್ಟಿಗೆ ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿಯೂ ಸಾಕು.

ಬೆಳಗ್ಗೆ ಬಿಸಿಯಾಗಿ ಏನಾದರೂ ಕುಡಿದು ತಿಂದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತನ್ನು ಬಿಡಬಾರದು. ಕುರ್ಚಿಯ ಮಾದರಿಯ ಶೌಚಾಲಯವಾದರೆ ಕಾಲ ಕೆಳಗೆ ಸಣ್ಣ ಮಣೆಯಿಟ್ಟು ಮುಂದಕ್ಕೆ ಬಾಗಿ ಕುಳಿತುಕೊಳ್ಳಬೇಕು. ಶುಚಿಯಾದ ಬಟ್ಟೆಯನ್ನೋ ಪ್ಯಾಡನ್ನೋ ಮಡಿಸಿ ಹೊಲಿಗೆಯ ಭಾಗಕ್ಕೆ ಮೃದುವಾಗಿ ಒತ್ತಿ ಹಿಡಿದರೆ ಧೈರ್ಯ ಬರುತ್ತದೆ. ಸಿಸೇರಿಯನ್ ಆದವರು ಹೊಟ್ಟೆಗೆ ಸಣ್ಣ ದಿಂಬನ್ನು ಆನಿಸಿಕೊಳ್ಳಬಹುದು. ಉಸಿರು ಬಿಗಿಹಿಡಿದು ಮುಕ್ಕಬಾರದು. ಬಳಿಕ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಬೇಕು, ಹಿಂದಿನಿಂದ ಮುಂದಕ್ಕಲ್ಲ. ಮನೆಯೊಳಗೆ ನಿಧಾನವಾಗಿ ನಾಲ್ಕು ಹೆಜ್ಜೆ ಓಡಾಡುವುದೂ ಕರುಳಿಗೆ ಔಷಧಿಯೇ.

ಇಷ್ಟಾದರೂ ಆಗದಿದ್ದರೆ ಹರಳೆಣ್ಣೆಯ ಬಾಟಲಿಗೆ ಕೈಹಾಕಬೇಡಿ. ಅದು ಕರುಳನ್ನು ಹಿಂಡಿ ಭೇದಿ ಮಾಡಿಸಿ, ಈಗಾಗಲೇ ಬಳಲಿದವಳನ್ನು ಇನ್ನಷ್ಟು ಬಳಲಿಸುತ್ತದೆ. ಲ್ಯಾಕ್ಟುಲೋಸ್ ಎಂಬ ಸಿರಪ್ಪನ್ನು ಹಾಲೂಡುವ ತಾಯಂದಿರಿಗೂ ವೈದ್ಯರು ಕೊಡುತ್ತಾರೆ, ಕೇಳಿ ಪಡೆಯಬಹುದು. ಇಸಬ್‌ಗೋಲ್ ತೆಗೆದುಕೊಳ್ಳುವವರು ದೊಡ್ಡ ಲೋಟದ ತುಂಬ ನೀರು ಕುಡಿಯಲೇಬೇಕು. ನೀರಿಲ್ಲದೆ ನುಂಗಿದರೆ ಅದೇ ಕಟ್ಟಿಕೊಳ್ಳುತ್ತದೆ. (ಕೂಸಿಗೆ ಎಣ್ಣೆ ಹಚ್ಚಿದ ವೀಳ್ಯದೆಲೆಯ ತೊಟ್ಟು ಇಡುವ ಅಭ್ಯಾಸದ ಬಗ್ಗೆ ಬೇರೆಯಾಗಿಯೇ ಬರೆಯಬೇಕು.)

ನಾಲ್ಕು ದಿನ ಕಳೆದರೂ ಆಗದಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಸಿಸೇರಿಯನ್ ಆದವಳಿಗೆ ವಾಯುವೂ ಹೋಗದಿದ್ದರೆ, ಜ್ವರ ಅಥವಾ ಕೆಟ್ಟ ವಾಸನೆಯ ಸ್ರಾವವಿದ್ದರೆ, ರಕ್ತ ಹೆಚ್ಚಾಗಿ ಹೋದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಬೇಲೂರಿನ ತಾಲ್ಲೂಕು ಆಸ್ಪತ್ರೆಗೋ ಹಾಸನಕ್ಕೋ ಕರೆದೊಯ್ಯಬೇಕು. 108ಕ್ಕೆ ಕರೆ ಮಾಡಿದರೆ ವಾಹನ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಕಷ್ಟವೂ ಇದೆ: ಮಲವಾಗಲಿ ವಾಯುವಾಗಲಿ ಹತೋಟಿಯಿಲ್ಲದೆ ತಾನಾಗಿ ಹೊರಬರುವುದು. ಇದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು ಮದುವೆಗೂ ಜಾತ್ರೆಗೂ ಹೋಗುವುದನ್ನು ಬಿಟ್ಟುಬಿಡುವ ಹೆಂಗಸರಿದ್ದಾರೆ. ಹೆರಿಗೆಯಲ್ಲಿ ಗುದದ ಸ್ನಾಯು ಹರಿದದ್ದರಿಂದ ಹೀಗಾಗಿರಬಹುದು; ಇದಕ್ಕೆ ವ್ಯಾಯಾಮವಿದೆ, ಶಸ್ತ್ರಚಿಕಿತ್ಸೆಯಿದೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕೆಂಬ ಕ್ರಮವಿದೆ. ಮೂರನೆಯ ದಿನದ ಆ ಭೇಟಿ ಈ ಮಾತಿಗೆ ಹೇಳಿ ಮಾಡಿಸಿದಂಥದು. ಅವಳು ಕೂಸಿನ ತೂಕ ನೋಡುತ್ತಿರುವಾಗ ಅತ್ತೆಯೋ ತಾಯಿಯೋ ಒಂದು ನೆಪ ಹೇಳಿ ಕೋಣೆಯಿಂದ ಹೊರಬಂದು, ಬಾಣಂತಿಗೆ ಅವಳೊಡನೆ ಐದು ನಿಮಿಷ ಬಾಗಿಲು ಹಾಕಿಕೊಂಡು ಮಾತಾಡಲು ಬಿಡಲಿ.