ಕಾಯಿಹಾಲು, ಬೆಲ್ಲ ಮತ್ತು ಒಡಲಿನ ಲೆಕ್ಕ

ಆಹಾರದ ಕೊಬ್ಬು ಮತ್ತು ಸಕ್ಕರೆಗಳಲ್ಲಿ ದೇಹಕ್ಕೆ ಹೆಚ್ಚು ಕೇಡು ಮಾಡುವುದು ಯಾವುದು ಎಂಬ ವಾದ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬಹಳ ಬಿರುಸಾಗಿ ನಡೆಯಿತು. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಆರಂಭವಾದ ತಮ್ಮ ಏಳು ದೇಶಗಳ ಅಧ್ಯಯನದ ಬಲದಿಂದ ಪರ್ಯಾಪ್ತ ಕೊಬ್ಬನ್ನು, ಅಂದರೆ ತುಪ್ಪ ಮತ್ತು ಕೊಬ್ಬರಿ ಎಣ್ಣೆಗಳಂತೆ ತಂಪಿಗೆ ಹೆಪ್ಪುಗಟ್ಟುವ ಕೊಬ್ಬನ್ನು, ಹೃದ್ರೋಗಕ್ಕೆ ಹೊಣೆಯಾಗಿಸಿದರೆ, ಬ್ರಿಟನ್ನಿನ ಜಾನ್ ಯುಡ್ಕಿನ್ 1972ರ ತಮ್ಮ ಪುಸ್ತಕದಲ್ಲಿ ಅದೇ ಹೊಣೆಯನ್ನು ಸಕ್ಕರೆಯ ಮೇಲೆ ಹೊರಿಸಿದರು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು. ಆದರೆ ವಾದ ಬೆಳೆದಂತೆ ಎರಡು ಪಕ್ಷದವರೂ ಊಟದ ತಟ್ಟೆಯಲ್ಲಿ ಕೊಬ್ಬು ಮತ್ತು ಸಕ್ಕರೆ ಬೇರೆ ಬೇರೆಯಾಗಿ ಬರುತ್ತವೆ ಎಂಬಂತೆ ಮಾತನಾಡತೊಡಗಿದರು. ಒಡಲು ಅವನ್ನು ಹಾಗೆ ಬಿಡಿಬಿಡಿಯಾಗಿ ಲೆಕ್ಕ ಹಾಕುವುದಿಲ್ಲ.

ಇದನ್ನು ಪರಿಶೀಲಿಸಲು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ಪೊಳ್ಳಾಚಿಯ ತೆಂಗಿನ ತೋಟಗಳು, ಕಾಂಗೇಯಂನ ಕೊಬ್ಬರಿ ಕಣಗಳು ಮತ್ತು ಎಣ್ಣೆ ಗಿರಣಿಗಳು ಒಂದು ಕಡೆ. ಇನ್ನೊಂದು ಕಡೆ 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾದ ಕಬ್ಬು ತಳಿ ಸಂಸ್ಥೆ. ಸಿ. ಎ. ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅಲ್ಲಿ ದಪ್ಪ ಜಲ್ಲೆಯ ರಸಗಬ್ಬಿಗೆ ಕಾಡುಹುಲ್ಲಿನಂಥ ಅದರ ದಾಯಾದಿಯನ್ನು ಕೂಡಿಸಿ ಪಡೆದ ಸಿಒ 205 ತಳಿ 1918ರಲ್ಲಿ ಹೊರಬಂದು ಉತ್ತರ ಭಾರತದ ಕಬ್ಬಿನ ಬೇಸಾಯದ ಸ್ವರೂಪವನ್ನೇ ಬದಲಿಸಿತು. ಮಂಡ್ಯದ ರೈತರು ದಶಕಗಳ ಕಾಲ ನೆಚ್ಚಿಕೊಂಡ ಸಿಒ 62175 ತಳಿಯ ಹೆಸರಿನಲ್ಲಿರುವ ಮೊದಲಕ್ಷರಗಳು ಕೊಯಮತ್ತೂರಿನವೇ. ನಾಡಿನ ಸಕ್ಕರೆ ಅಗ್ಗವಾದದ್ದರಲ್ಲಿ ಈ ಊರಿನ ಪಾಲು ಸಣ್ಣದಲ್ಲ.

ಈ ಎರಡು ಜಿಲ್ಲೆಗಳಿರುವ ಕೊಂಗುನಾಡಿನ ಮನೆಗಳಲ್ಲಿ ಸಂದಗೈ ಎಂದು ಕರೆಯುವ ತಿನಿಸು ಕನ್ನಡಿಗರ ಒತ್ತು ಶಾವಿಗೆಯೇ: ಅಕ್ಕಿಯ ಹಿಟ್ಟನ್ನು ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಎಳೆಯಾಗಿ ಒತ್ತಿ, ಕಾಯಿಹಾಲು ಮತ್ತು ಬೆಲ್ಲದೊಡನೆ ಬಡಿಸುತ್ತಾರೆ. ಪಿಷ್ಟ, ಸಕ್ಕರೆ, ಕೊಬ್ಬು ಮೂರೂ ಒಂದೇ ತಟ್ಟೆಯಲ್ಲಿ ಕೂಡಿರುವ ಈ ತಿನಿಸಿನ ಜಾಡು ಹಿಡಿದರೆ ದೇಹದ ವ್ಯವಹಾರ ಸಾಕಷ್ಟು ಸ್ಪಷ್ಟವಾಗುತ್ತದೆ.

ಅಕ್ಕಿಯ ಪಿಷ್ಟವು ಗ್ಲೂಕೋಸಿನ ಉದ್ದನೆಯ ಸರಪಣಿಯಾದ್ದರಿಂದ ಜೊಲ್ಲು ಮತ್ತು ಮೇದೋಜೀರಕ ಗ್ರಂಥಿಯ ಕಿಣ್ವಗಳು ಅದನ್ನು ತುಂಡರಿಸುತ್ತವೆ. ಬೆಲ್ಲದ ಸುಕ್ರೋಸು ಸಣ್ಣ ಕರುಳಿನ ಒಳಗೋಡೆಯ ಮೇಲೆ ಒಡೆದು ಒಂದು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್ ಆಗುತ್ತದೆ. ಬೆಲ್ಲದಲ್ಲಿ ಒಂದಿಷ್ಟು ಖನಿಜಾಂಶ ಇರುವುದು ನಿಜವಾದರೂ ಅದರ ಬಹುಪಾಲು ಸುಕ್ರೋಸೇ ಆಗಿರುವುದರಿಂದ, ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರು ಸಕ್ಕರೆಯನ್ನೇ ಬಿಟ್ಟಂತಾಗುವುದಿಲ್ಲ. ಈ ಸರಳ ಸಕ್ಕರೆಗಳು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುವ ಅಭಿಧಮನಿಯನ್ನು ಸೇರುತ್ತವೆ. ಖಾಲಿ ಹೊಟ್ಟೆಯಲ್ಲಿ ವಯಸ್ಕನೊಬ್ಬನ ಇಡೀ ರಕ್ತದಲ್ಲಿ ಇರುವ ಗ್ಲೂಕೋಸು ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚೆಯಷ್ಟು ಮಾತ್ರ ಎಂಬುದನ್ನು ನೆನೆದರೆ, ಒಂದು ತಟ್ಟೆ ಶಾವಿಗೆ ತರುವ ಒತ್ತಡ ಎಷ್ಟೆಂದು ತಿಳಿಯುತ್ತದೆ. ಆ ಒತ್ತಡಕ್ಕೆ ಉತ್ತರವಾಗಿ ಮೇದೋಜೀರಕದಿಂದ ಇನ್ಸುಲಿನ್ ಸ್ರವಿಸಿ, ಹೆಚ್ಚುವರಿ ಗ್ಲೂಕೋಸನ್ನು ಗ್ಲೈಕೋಜನ್ ಎಂಬ ದಾಸ್ತಾನಿನ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಇರಿಸುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ, ಇಷ್ಟೇ ಈ ಉಗ್ರಾಣದ ಅಳತೆ.

ಕಾಯಿಹಾಲಿನ ಕೊಬ್ಬಿನ ದಾರಿ ಬೇರೆ ಮತ್ತು ನಿಧಾನ. ಪಿತ್ತರಸವು ಅದನ್ನು ಸಣ್ಣ ಹನಿಗಳಾಗಿ ಚದುರಿಸಿದ ಮೇಲೆ ಲೈಪೇಸ್ ಎಂಬ ಕಿಣ್ವ ಅದನ್ನು ಕೊಬ್ಬಿನಾಮ್ಲಗಳಾಗಿ ಬಿಡಿಸುತ್ತದೆ. ಕರುಳಿನ ಕೋಶಗಳು ಅವನ್ನು ಒಳಗೆಳೆದುಕೊಂಡು, ಮತ್ತೆ ಕೊಬ್ಬಾಗಿ ಹೆಣೆದು, ಕೈಲೊಮೈಕ್ರಾನ್ ಎಂಬ ಪ್ರೋಟೀನು ಹೊದಿಕೆಯ ಕಣಗಳಲ್ಲಿ ತುಂಬಿ, ರಕ್ತಕ್ಕಲ್ಲ, ದುಗ್ಧರಸದ ನಾಳಗಳಿಗೆ ಬಿಡುತ್ತವೆ. ಆ ನಾಳಗಳು ಎದೆಗೂಡಿನಲ್ಲಿ ಮೇಲೇರಿ ಎಡ ಭುಜದ ಸಮೀಪದ ಅಭಿಧಮನಿಯಲ್ಲಿ ರಕ್ತವನ್ನು ಸೇರುವುದರಿಂದ, ಈ ಕೊಬ್ಬು ಯಕೃತ್ತಿನ ತಪಾಸಣೆ ಇಲ್ಲದೆಯೇ ಮೊದಲು ಸ್ನಾಯು ಮತ್ತು ಮೇದಸ್ಸಿನ ಅಂಗಾಂಶವನ್ನು ಮುಟ್ಟುತ್ತದೆ. ಜಿಡ್ಡಿನ ಊಟವಾದ ಮೂರು ನಾಲ್ಕು ಗಂಟೆಗಳ ನಂತರ ತೆಗೆದ ರಕ್ತದ ತಿಳಿ ಹಾಲಿನಂತೆ ಮಬ್ಬಾಗಿ ಕಾಣುವುದು ಈ ಕಣಗಳಿಂದಲೇ.

ತೆಂಗಿನ ಕೊಬ್ಬಿಗೆ ಇಲ್ಲಿ ಒಂದು ವಿನಾಯಿತಿ ಇದೆ ಎಂಬುದು ಕೊಂಗುನಾಡಿನಲ್ಲಿ ಆಗಾಗ ಕೇಳಿಬರುವ ವಾದ. ಪಡಿತರ ಅಂಗಡಿಗಳಲ್ಲಿ ಪಾಮೋಲಿನ್ ಬದಲು ಕೊಬ್ಬರಿ ಎಣ್ಣೆ ಕೊಡಬೇಕೆಂದು ತೆಂಗು ಬೆಳೆಗಾರರು ಒತ್ತಾಯಿಸುತ್ತ ಬಂದಿದ್ದು, ಆ ಬೇಡಿಕೆಯ ಜೊತೆಯಲ್ಲೇ ತೆಂಗಿನ ಕೊಬ್ಬು ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ, ಮೈಯಲ್ಲಿ ನಿಲ್ಲುವುದಿಲ್ಲ ಎಂಬ ಮಾತೂ ಓಡಾಡುತ್ತದೆ. ಎಂಟು ಅಥವಾ ಹತ್ತು ಇಂಗಾಲದ ಗಿಡ್ಡ ಕೊಬ್ಬಿನಾಮ್ಲಗಳ ಮಟ್ಟಿಗೆ ಈ ಮಾತು ಸರಿ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅವುಗಳ ಪ್ರಮಾಣ ಸುಮಾರು ಏಳನೆಯ ಒಂದು ಪಾಲು ಮಾತ್ರ. ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ ಹನ್ನೆರಡು ಇಂಗಾಲಗಳಿದ್ದು, ಅದರ ಬಹುಪಾಲು ದುಗ್ಧರಸದ ಸುತ್ತುದಾರಿಯನ್ನೇ ಹಿಡಿಯುತ್ತದೆ. ಅದು ರಕ್ತದಲ್ಲಿ ಒಳ್ಳೆಯದೆನಿಸಿದ ಎಚ್‌ಡಿಎಲ್ ಜೊತೆಗೆ ರಕ್ತನಾಳದ ಗೋಡೆಯಲ್ಲಿ ಕೂರುವ ಎಲ್‌ಡಿಎಲ್ ಕೊಲೆಸ್ಟರಾಲನ್ನೂ ಏರಿಸುತ್ತದೆ. ಕೊಬ್ಬರಿಗೆ ಬೆಲೆ ಸಿಗಬೇಕೆಂಬ ರೈತನ ಬೇಡಿಕೆ ತನ್ನ ಬಲದ ಮೇಲೆಯೇ ನಿಲ್ಲಬಲ್ಲದು. ಅದಕ್ಕೆ ವೈದ್ಯದ ಊರುಗೋಲು ಬೇಕಿಲ್ಲ.

ಕೊಬ್ಬು ಮತ್ತು ಸಕ್ಕರೆಯ ಎರಡು ದಾರಿಗಳು ಸೇರುವುದು ಇನ್ಸುಲಿನ್ ಬಳಿ. ಸಕ್ಕರೆ ಏರಿಸಿದ ಇನ್ಸುಲಿನ್ ಮೇದಸ್ಸಿನ ಕೋಶಗಳಿಗೆ ಎರಡು ಆಣತಿ ಕೊಡುತ್ತದೆ: ಒಳಗಿನ ಕೊಬ್ಬನ್ನು ಹೊರಬಿಡಬೇಡ, ಹೊರಗಿನದನ್ನು ಒಳಗೆ ತೆಗೆದುಕೋ. ಹೀಗಾಗಿ ಕಾಯಿಹಾಲಿನ ಕೊಬ್ಬು ರಕ್ತದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ದೇಹವು ಬೆಲ್ಲ ಮತ್ತು ಅಕ್ಕಿಯ ಗ್ಲೂಕೋಸನ್ನು ಉರಿಸುತ್ತಿರುವುದರಿಂದ, ಕೊಬ್ಬಿನ ಹೆಚ್ಚಿನ ಪಾಲು ಉರಿಯದೆ ಸಂಗ್ರಹಕ್ಕೆ ಸೇರುತ್ತದೆ. ಸಕ್ಕರೆಯೇ ಕೊಬ್ಬಾಗಿ ಮೈ ಬೆಳೆಯುತ್ತದೆ ಎಂಬ ಜನಪ್ರಿಯ ತಿಳಿವಳಿಕೆಗಿಂತ, ಸಕ್ಕರೆ ಉರಿಯುವಾಗ ಕೊಬ್ಬು ಉಳಿಯುತ್ತದೆ ಎಂಬ ಹೇಳಿಕೆಯೇ ವಸ್ತುಸ್ಥಿತಿಗೆ ಹತ್ತಿರ. ಇದರ ಮಗ್ಗುಲಿನದೇ ಆದ ಇನ್ನೊಂದು ಸಂಗತಿಯನ್ನು ಫಿಲಿಪ್ ರ್‍ಯಾಂಡಲ್ ಮತ್ತು ಸಂಗಡಿಗರು 1963ರಲ್ಲಿ ವಿವರಿಸಿದರು: ರಕ್ತದಲ್ಲಿ ಕೊಬ್ಬಿನಾಮ್ಲಗಳು ಹೆಚ್ಚಾಗಿದ್ದಾಗ ಸ್ನಾಯು ಅವನ್ನು ಬಳಸಿಕೊಂಡು ಗ್ಲೂಕೋಸನ್ನು ಹಿಂದಕ್ಕೆ ಸರಿಸುತ್ತದೆ. ಅಂದಮೇಲೆ ಒಂದು ಇಂಧನದ ಗತಿಯನ್ನು ಇನ್ನೊಂದು ನಿರ್ಧರಿಸುತ್ತಿರುವಾಗ ದೋಷಿ ಯಾರೆಂದು ಒಂದರ ಕಡೆಗೇ ಕೈ ತೋರಿಸುವುದು ತರ್ಕಕ್ಕೆ ನಿಲ್ಲುವುದಿಲ್ಲ.

ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬಿಡುಗಡೆ ಮಾಡುವಂತಿಲ್ಲ. ಫ್ರಕ್ಟೋಸು ಸ್ವಲ್ಪವೇ ಇದ್ದರೆ ಕರುಳು ಅದರ ಒಂದು ಭಾಗವನ್ನು ತಾನೇ ಪರಿವರ್ತಿಸಿಬಿಡುತ್ತದೆ; ಒಮ್ಮೆಲೇ ಹೆಚ್ಚು ಬಂದಾಗ ಅದು ಯಕೃತ್ತನ್ನು ತಲುಪಿ, ಗ್ಲೂಕೋಸಿಗೆ ಇರುವ ಒಂದು ಮುಖ್ಯ ನಿಯಂತ್ರಣದ ಹಂತವನ್ನು ದಾಟಿಕೊಂಡು, ಕೊಬ್ಬಿನ ತಯಾರಿಕೆಗೆ ಕಚ್ಚಾ ಸಾಮಗ್ರಿಯಾಗುತ್ತದೆ. ಯಕೃತ್ತಿನಲ್ಲಿ ಹೀಗೆ ಹೊಸ ಕೊಬ್ಬು ತಯಾರಾಗುತ್ತಿರುವಾಗ ಹಳೆಯ ಕೊಬ್ಬು ಉರಿಯುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಕುಡಿಯುವ ಸಕ್ಕರೆ ತಿನ್ನುವ ಸಕ್ಕರೆಗಿಂತ ಅಪಾಯಕಾರಿ ಎನ್ನುವುದಕ್ಕೆ ಅದು ಬೇಗ ಬೇಗ ಬಂದು ಬೀಳುವುದೇ ಒಂದು ಕಾರಣ.

ಗ್ಲೈಕೋಜನ್ನಿನ ಉಗ್ರಾಣದಲ್ಲಿ ಜಾಗ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಸ್ನಾಯುಗಳಲ್ಲಿ. ಕೊಯಮತ್ತೂರು ಜಿಲ್ಲೆಯ ಸಿರುಮುಗೈ ಮೊದಲಾದ ಕಡೆ ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಗುಳಿಮಗ್ಗವನ್ನೇ ನೋಡಬಹುದು. ನೆಲದ ಗುಳಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರ ನೋಡುವವರಿಗೆ ಕೂತ ಕೆಲಸದವನಂತೆ ಕಂಡರೂ, ಹಾಸು ತೆರೆದುಕೊಳ್ಳಲು ಎರಡೂ ಕಾಲುಗಳಿಂದ ಹಲಗೆಗಳನ್ನು ಸರದಿಯಲ್ಲಿ ತುಳಿಯುತ್ತ, ಕೈಯಿಂದ ಲಾಳಿ ಓಡಿಸುತ್ತ, ಹೊಕ್ಕಿನ ಪ್ರತಿ ಎಳೆಯನ್ನು ಬಡಿದು ಕೂರಿಸುತ್ತಿರುತ್ತಾನೆ. ಸಂಕುಚಿಸುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ ಎಂಬುದು ದೇಹಶಾಸ್ತ್ರದ ಬಹು ಮುಖ್ಯ ಸಂಗತಿಗಳಲ್ಲಿ ಒಂದು. ಅಂಥ ಕಾಲುಗಳಿರುವ ದೇಹದಲ್ಲಿ ಬೆಲ್ಲದ ಗ್ಲೂಕೋಸಿಗೆ ಇಳಿಯುವ ತಾಣ ಇರುತ್ತದೆ, ಗ್ಲೂಕೋಸು ಬೇಗ ಇಳಿದಷ್ಟೂ ಇನ್ಸುಲಿನ್ ಬೇಗ ತಗ್ಗುತ್ತದೆ, ಇನ್ಸುಲಿನ್ ತಗ್ಗಿದಷ್ಟೂ ಕಾಯಿಹಾಲಿನ ಕೊಬ್ಬು ಉರಿಯುವ ಸರದಿ ಬೇಗ ಬರುತ್ತದೆ. ಸೋಮನೂರು ಮತ್ತು ಪಲ್ಲಡಂನ ವಿದ್ಯುತ್ ಮಗ್ಗಗಳಲ್ಲಿ ಆ ತುಳಿತವನ್ನು ಮೋಟಾರು ವಹಿಸಿಕೊಂಡಿತು. ತಿರುಪ್ಪೂರಿನ ಹೊಲಿಗೆ ಯಂತ್ರದ ಮುಂದೆ ದುಡಿಮೆಯ ಹೊತ್ತು ಕಡಿಮೆಯಾಗಲಿಲ್ಲ, ಸ್ನಾಯುವಿನ ಪಾಲು ಮಾತ್ರ ಕಡಿಮೆಯಾಯಿತು. ದಿನಕ್ಕೆ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚೆ ಸಕ್ಕರೆ ಎಂದಿಟ್ಟುಕೊಂಡರೂ ಸುಮಾರು 50 ಗ್ರಾಂ ಆಗುತ್ತದೆ. 2,000 ಕಿಲೊಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಶೇ. 10ರ ಮಿತಿ ಅಷ್ಟಕ್ಕೇ ತೀರಿತು, ಬನ್ನು ಬಿಸ್ಕತ್ತುಗಳ ಲೆಕ್ಕ ಇನ್ನೂ ಬಾಕಿ.

ಭಾರತೀಯ ದೇಹಕ್ಕೆ ಈ ಬದಲಾವಣೆ ಹೆಚ್ಚು ದುಬಾರಿ. ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಹೋದ್ಯೋಗಿಗಳು ಅಲ್ಲಿನ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗ ಸರಾಸರಿ ತೂಕ ಒಂದೆಡೆ 2.7, ಇನ್ನೊಂದೆಡೆ 3.5 ಕಿಲೊ ಇದ್ದರೂ, ಇಲ್ಲಿನ ಮಕ್ಕಳಲ್ಲಿ ಕೊರತೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು, ಕೊಬ್ಬಲ್ಲ ಎಂದು ಕಂಡಿತು. ಹುಟ್ಟುವಾಗಲೇ ಉಗ್ರಾಣ ಚಿಕ್ಕದಾಗಿರುವ ದೇಹ ದೊಡ್ಡವರಾದ ಮೇಲೂ ತೆಳ್ಳಗೆ ಕಾಣುತ್ತಲೇ ಹೊಟ್ಟೆಯೊಳಗೆ ಮತ್ತು ಯಕೃತ್ತಿನಲ್ಲಿ ಕೊಬ್ಬು ಕೂಡಿಡಬಲ್ಲದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಲ್ಲಿ ಮಧುಮೇಹದ ಪ್ರಮಾಣ ದೇಶದಲ್ಲಿ ಶೇ. 11.4, ತಮಿಳುನಾಡಿನಲ್ಲಿ ಶೇ. 14.4 ಇರುವುದರ ಹಿಂದೆ ಊಟದ ಜೊತೆಗೆ ಈ ಮೈಕಟ್ಟಿನ ಪಾತ್ರವೂ ಇದೆ.

ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಆರಂಭಿಸಿದ ಯೋಜನೆಯಡಿ ಮಧುಮೇಹ ಮತ್ತು ರಕ್ತದೊತ್ತಡದ ಔಷಧಗಳು ಮನೆಬಾಗಿಲಿಗೆ ತಲುಪುತ್ತಿರುವುದು ದೊಡ್ಡ ಅನುಕೂಲವೇ ಸರಿ. ಆದರೆ ರೋಗವನ್ನು ಗುರುತಿಸಲು ಸಾಮಾನ್ಯವಾಗಿ ನೆಚ್ಚುವ ಖಾಲಿ ಹೊಟ್ಟೆಯ ರಕ್ತಪರೀಕ್ಷೆ, ಊಟದ ನಂತರ ಕೊಬ್ಬು ಮತ್ತು ಸಕ್ಕರೆ ಒಟ್ಟಿಗೆ ಏರಿ ನಿಲ್ಲುವ ಗಂಟೆಗಳ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಮತ್ತು ಇಂದಿನ ದುಡಿಮೆಗಾರ ಎಚ್ಚರದ ಬಹುಕಾಲ ಕಳೆಯುವುದು ಆ ಗಂಟೆಗಳಲ್ಲಿಯೇ. ರಾತ್ರಿ ಪಾಳಿಯ ಕೆಲಸಗಾರರ ಸಂಗತಿ ಇನ್ನೂ ತೊಡಕಿನದು: ಅದೇ ಪ್ರಮಾಣದ ಸಕ್ಕರೆಯನ್ನು ದೇಹ ಬೆಳಗಿನಷ್ಟು ಚುರುಕಾಗಿ ರಾತ್ರಿ ನಿಭಾಯಿಸಲಾರದು, ಮೇಲಾಗಿ ನಡುರಾತ್ರಿ ಚಹಾ-ಬನ್ನು ತಿಂದು ನಸುಕಿನಲ್ಲಿ ಮನೆ ಸೇರಿದವರ ಉಪವಾಸವನ್ನು ಯಾವ ಗಂಟೆಯಿಂದ ಎಣಿಸಬೇಕೆಂದು ಪ್ರಯೋಗಾಲಯದ ಚೀಟಿಯಲ್ಲಿ ಬರೆದಿರುವುದಿಲ್ಲ.